1969ರ ಜಿಟಿಒ: ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗೆ

‘69ರ ಪಾಂಟಿಯಾಕ್‌ಗೆ ಕಾರ್ಬ್ಯುರೇಟರ್ ಇದೆಯಾ?’ ಎಂದು ಹಳೆ ಬಿಡಿಭಾಗಗಳ ಸಂತೆಯಲ್ಲಿ ಕೇಳಿ ನೋಡಿ. ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಈ ಭಾಗವನ್ನು ಹತ್ತು ಜನ ಹತ್ತು ತೋರಿಸುತ್ತಾರೆ. ಎಲ್ಲವೂ ಎಂಜಿನ್ ಮೇಲೆ ಕೂರುತ್ತವೆ, ಗಾಡಿಯೂ ಓಡುತ್ತದೆ. ಆದರೆ ಕಾರ್ಖಾನೆಯಿಂದ ಹೊರಬಂದ ದಿನ ಅದರ ಮೇಲಿದ್ದಂಥದ್ದೇ ಬೇಕು ಅಂದರೆ ಆ ಹತ್ತರಲ್ಲಿ ಒಂದೂ ಆಗದಿರಬಹುದು. ಅದಕ್ಕೇ ನಾನು ಮೊದಲು ಹುಡುಕಿದ್ದು ಕಾಗದ, ಆಮೇಲೆ ನಂಬರು. ಬಿಡಿಭಾಗದ ಸರದಿ ಬಂದದ್ದು ಕೊನೆಗೆ.

ಡೆಟ್ರಾಯಿಟ್ ಸುತ್ತಮುತ್ತ ಇರುವ ನಮ್ಮವರಲ್ಲಿ ಬಹಳ ಮಂದಿ ಕಾರು ಕಂಪನಿಗಳ ಕೆಲಸಕ್ಕೆಂದೇ ಬಂದವರು. ನಾನೂ ಹಾಗೆ ಬಂದವನು. ಪಾಂಟಿಯಾಕ್ ಕಾರುಗಳಿಗೆ ಹೆಸರು ಕೊಟ್ಟ ಪಾಂಟಿಯಾಕ್ ಊರು ಇಲ್ಲೇ ಪಕ್ಕದಲ್ಲಿದೆ. ಹಾಗಿರುವಾಗ ಆ ಕಂಪನಿಯ ಜಿಟಿಒ ಕಾರಿನ ಹುಚ್ಚು ಹತ್ತುವುದು ದೊಡ್ಡ ಮಾತೇನಲ್ಲ. 1969ರ ಮಾದರಿಯಲ್ಲಿ 72 ಸಾವಿರಕ್ಕೂ ಹೆಚ್ಚು ಜಿಟಿಒಗಳು ತಯಾರಾದವು, ಆದ್ದರಿಂದ ಬಿಡಿಭಾಗಗಳಿಗೆ ಬರವಿಲ್ಲ. ಆದರೆ ನಾನು ಕೊಂಡ ಗಾಡಿಯಲ್ಲಿ ಹಿಂದಿನ ಯಾರೋ ಮಾಲೀಕರು ಮೂಲ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್ ಕಿತ್ತು, ಅಡಾಪ್ಟರ್ ಪ್ಲೇಟ್ ಹಾಕಿ ಹೊರಗಿನ ಕಾರ್ಬ್ಯುರೇಟರ್ ಕೂರಿಸಿದ್ದರು. ಪೆಟ್ರೋಲ್ ಪಂಪೂ ಬೇರೆ, ರಬ್ಬರ್ ಪೈಪಿಗೆಲ್ಲ ಅಂಗಡಿಯ ಸ್ಕ್ರೂ ಕ್ಲಾಂಪ್. ಪುಣ್ಯಕ್ಕೆ ಕಾರ್ಬ್ಯುರೇಟರ್ ಕೂರುವ ಎರಕಹೊಯ್ದ ಕಬ್ಬಿಣದ ಮ್ಯಾನಿಫೋಲ್ಡ್ ಮಾತ್ರ ಹಾಗೇ ಇತ್ತು.

ಪಾಂಟಿಯಾಕ್ ಇಟ್ಟುಕೊಂಡವರಿಗೆ ಷೆವರ್ಲೆಯವರಿಗಿಲ್ಲದ ಒಂದು ಅನುಕೂಲವಿದೆ. ಗಾಡಿಯ ವಿನ್ ನಂಬರ್ (ಪ್ರತಿ ಗಾಡಿಗೂ ಕಾರ್ಖಾನೆ ಕೊಟ್ಟ ಗುರುತಿನ ಸಂಖ್ಯೆ) ಕೊಟ್ಟು ಶುಲ್ಕ ಕಟ್ಟಿದರೆ ಪಿಎಚ್‌ಎಸ್ ಎಂಬ ಸಂಸ್ಥೆ ಕಂಪನಿಯ ಹಳೆ ದಾಖಲೆಗಳಿಂದ ಆ ಗಾಡಿಯ ಬಿಲ್ಲಿನ ಪ್ರತಿ ತೆಗೆದುಕೊಡುತ್ತದೆ. ಯಾವ ಎಂಜಿನ್, ಯಾವ ಗೇರ್, ಏನೇನು ಹೆಚ್ಚುವರಿ ಸಾಮಾನು, ಎಲ್ಲ ಅದರಲ್ಲಿರುತ್ತದೆ. ನನ್ನದರಲ್ಲಿ ನಾಲ್ಕು ಗೇರಿನ ಮ್ಯಾನ್ಯುಯಲ್ ಅಂತಿತ್ತು, ಅದು ನನಗೆ ಗೊತ್ತಿದ್ದದ್ದೇ. ಏರ್‌ ಕಂಡೀಷನರ್ ಅಂತಲೂ ಇತ್ತು. ಎಂಜಿನ್ ಕೋಣೆಯಲ್ಲಿ ಅದರ ಕಂಪ್ರೆಸರ್‌ ಯಾವತ್ತೋ ಮಾಯವಾಗಿತ್ತು. ಈ ಒಂದು ಸಾಲು ಮೂರು ಭಾಗಗಳನ್ನು ಇತ್ಯರ್ಥ ಮಾಡಿತು. ಏರ್‌ ಕಂಡೀಷನರ್ ಇದ್ದ ಗಾಡಿಯ ಎಂಜಿನ್ ಕೋಣೆ ಹೆಚ್ಚು ಕಾಯುತ್ತದೆ. ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪಿಗೆ ಎಳೆಯಲು ಏನೂ ಸಿಗದಂತಾಗುತ್ತದೆ. ಅದನ್ನು ತಡೆಯಲು ಪಂಪಿಗೆ ಮೂರನೆಯದೊಂದು ಮೂತಿ ಇರುತ್ತದೆ, ಹೆಚ್ಚಾದ ಪೆಟ್ರೋಲ್ ಮತ್ತು ಆವಿ ಅದರ ಮೂಲಕ ಟ್ಯಾಂಕಿಗೆ ವಾಪಸ್ ಹೋಗುತ್ತವೆ. ಅಂದರೆ ಮೂರು ಮೂತಿಯ ಪಂಪ್ ಬೇಕು, ಚಾಸಿಯುದ್ದಕ್ಕೂ 3/8 ಅಂಗುಲದ ಮುಖ್ಯ ಪೈಪಿನ ಜೊತೆಗೆ ಕಾಲಂಗುಲದ ವಾಪಸ್ ಪೈಪೂ ಬೇಕು, ಪೆಟ್ರೋಲ್ ಎಷ್ಟಿದೆ ಎಂದು ಮೀಟರಿಗೆ ತಿಳಿಸುವ ಟ್ಯಾಂಕಿನೊಳಗಿನ ಸೆಂಡಿಂಗ್ ಯೂನಿಟ್ ಕೂಡ ವಾಪಸ್ ಮೂತಿ ಇರುವಂಥದ್ದೇ ಆಗಬೇಕು. ಹಿಂದಿನವರು ವಾಪಸ್ ಪೈಪಿನ ಬಾಯಿಗೆ ಬೋಲ್ಟ್ ತುರುಕಿ ಮುಚ್ಚಿದ್ದರು.

ಇನ್ನು ಎಂಜಿನ್. 400 ಘನ ಅಂಗುಲದ್ದು, ಸುಮಾರು 6.6 ಲೀಟರ್. ಮುಂಭಾಗದಲ್ಲಿ, ಪ್ರಯಾಣಿಕರ ಬದಿಯ (ಇಲ್ಲಿ ಬಲಗಡೆಯ) ಸಿಲಿಂಡರ್ ಹೆಡ್‌ನ ಕೆಳಗೆ, ಎರಡು ಅಕ್ಷರದ ಗುರುತು ಇರುತ್ತದೆ. 350 ಅಶ್ವಶಕ್ತಿಯ ಮ್ಯಾನ್ಯುಯಲ್ ಗಾಡಿಗೆ ಡಬ್ಲ್ಯೂಟಿ, ಆಟೋಮ್ಯಾಟಿಕ್‌ಗೆ ವೈಎಸ್. ನನ್ನದು ಡಬ್ಲ್ಯೂಟಿ. ಹಿಂಬದಿಯಲ್ಲಿ ಡಿಸ್ಟ್ರಿಬ್ಯೂಟರ್ ಹತ್ತಿರ ಬ್ಲಾಕ್ ಎರಕ ಹೊಯ್ದ ತಾರೀಕು ಉಬ್ಬಿಕೊಂಡಿರುತ್ತದೆ. ಮೊದಲ ಅಕ್ಷರ ತಿಂಗಳು, ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ನಂತರ ದಿನ, ಕೊನೆಯ ಅಂಕಿ ವರ್ಷ. ವೈರ್ ಬ್ರಷ್ ಮತ್ತು ಚಿಕ್ಕ ಕನ್ನಡಿ ಇಲ್ಲದೆ ಓದಲಾಗುವುದಿಲ್ಲ. ನನ್ನದರಲ್ಲಿ ಎ159, ಅಂದರೆ 1969ರ ಜನವರಿ 15. ಕಾರ್ಬ್ಯುರೇಟರ್ ಬೇರೆ ಊರಿನಿಂದ, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಿಂದ, ಬರಬೇಕಿತ್ತು. ಹಾಗಾಗಿ ಅದರ ತಾರೀಕು ಗಾಡಿ ತಯಾರಾದ ದಿನಕ್ಕಿಂತ ಕೆಲವು ವಾರ ಮುಂಚಿನದಾಗಿರಬೇಕು. ಒಂದು ದಿನ ಆಚೆಗಿದ್ದರೂ ಅದು ಈ ಗಾಡಿಯದಾಗಿರಲು ಸಾಧ್ಯವಿಲ್ಲ.

ಕ್ವಾಡ್ರಾಜೆಟ್‌ನ ನಂಬರು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. 1968ರಿಂದೀಚೆಗೆ ಅದು ಚಾಲಕನ ಬದಿಯಲ್ಲಿ (ಇಲ್ಲಿ ಎಡಗಡೆ), ಹಿಂಭಾಗಕ್ಕೆ, ಬಾಡಿಯ ಮೇಲೆ ಲಂಬವಾಗಿ ಒತ್ತಿರುತ್ತದೆ. ಅದಕ್ಕೂ ಹಿಂದಿನವುಗಳಲ್ಲಿ ದುಂಡನೆಯ ಪುಟ್ಟ ಬಿಲ್ಲೆಯ ಮೇಲಿರುತ್ತಿತ್ತು. ಏಳು ಅಂಕಿ. 702 ಎಂದು ಶುರುವಾದರೆ ಅರವತ್ತರ ದಶಕ, 704 ಆದರೆ ಎಪ್ಪತ್ತರದು, ನಾಲ್ಕನೆಯ ಅಂಕಿ ವರ್ಷ. ಕೊನೆಯ ಅಂಕಿ ಬೆಸವಾದರೆ ಸಾಮಾನ್ಯವಾಗಿ ಮ್ಯಾನ್ಯುಯಲ್, ಸಮವಾದರೆ ಆಟೋಮ್ಯಾಟಿಕ್. ನನಗೆ ಬೇಕಾಗಿದ್ದು 7029263. ಅದರ ಆಟೋಮ್ಯಾಟಿಕ್ ಜೋಡಿ 7029268. ‘ಎರಡೂ ಒಂದೇ ಸ್ವಾಮಿ, ಯಾರು ನೋಡ್ತಾರೆ?’ ಅನ್ನುವ ಧಾಟಿಯ ಮಾತು ಸಂತೆಯ ಎಲ್ಲ ಮೇಜುಗಳಲ್ಲೂ ಕೇಳಿದ್ದೇನೆ. ಒಂದೇ ಅಲ್ಲ, ಒಳಗಿನ ಹೊಂದಾಣಿಕೆ ಬೇರೆ.

ನಂಬರಿನ ಪಕ್ಕದಲ್ಲೇ ತಾರೀಕಿನ ನಾಲ್ಕು ಅಂಕಿ ಇರುತ್ತದೆ. ಮೊದಲ ಮೂರು ವರ್ಷದ ಎಷ್ಟನೇ ದಿನ ಎಂಬುದನ್ನು ಹೇಳುತ್ತವೆ, ಕೊನೆಯದು ವರ್ಷವನ್ನು. ನಾನು ಕೊನೆಗೆ ಕೊಂಡದ್ದು 3518, ಅಂದರೆ 1968ರ 351ನೇ ದಿನ. ಅದು ಅಧಿಕ ವರ್ಷ, ಹಾಗಾಗಿ ಡಿಸೆಂಬರ್ 16. ಮಾಮೂಲಿ ವರ್ಷದ ಪಟ್ಟಿ ಹಿಡಿದು ನೋಡಿದರೆ ಒಂದು ದಿನ ತಪ್ಪುತ್ತದೆ.

ಓಹಿಯೋದ ನಾರ್ವಾಕ್‌ನಲ್ಲಿ ಆಗಸ್ಟ್‌ನಲ್ಲಿ ಪಾಂಟಿಯಾಕ್‌ನವರ ಜಾತ್ರೆ ನಡೆಯುತ್ತದೆ. ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ವಸಂತಕ್ಕೂ ಶರತ್ಕಾಲಕ್ಕೂ ಸಂತೆ, ಅಕ್ಟೋಬರ್‌ನಲ್ಲಿ ಅದೇ ರಾಜ್ಯದ ಹರ್ಷಿ ಊರಿನದ್ದು. ಹರ್ಷಿ ದೊಡ್ಡದು ನಿಜ, ಆದರೆ ಅಲ್ಲಿ ಎಲ್ಲ ಕಾಲದ ಎಲ್ಲ ಗಾಡಿಗಳ ಸಾಮಾನು ಇರುತ್ತದೆ. ನನ್ನಂಥವನಿಗೆ ನಾರ್ವಾಕ್ ವಾಸಿ. ಅಲ್ಲಿ ಮೇಜಿನ ಹಿಂದೆ ಕೂತ ಅಜ್ಜಂದಿರಿಗೆ ನಂಬರು ಹೇಳಿದರೆ ಸಾಕು, ಇದೆ ಅಥವಾ ಇಲ್ಲ ಅಂತ ತಲೆಯಾಡಿಸುತ್ತಾರೆ.

ಒಂದು ಎಚ್ಚರಿಕೆ. ಬೇಡಿಕೆ ಇರುವ ನಂಬರನ್ನು ಹೊಸದಾಗಿ ಒತ್ತಿ ಮಾರುವವರೂ ಇದ್ದಾರೆ. ಒಬ್ಬ ವ್ಯಾಪಾರಿ ನನಗೆ 7029263 ಎಂದು ತೋರಿಸಿದ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಒಳಹೋಗುವ ಬಾಯಿ ಬದಿಗೆ ತಿರುಗಿತ್ತು. ಅದು ಷೆವರ್ಲೆಯ ಬಾಡಿ. ಪಾಂಟಿಯಾಕ್, ಬ್ಯೂಕ್, ಓಲ್ಡ್ಸ್‌ಮೊಬಿಲ್‌ಗಳದ್ದು ನೇರ ಮುಂದಕ್ಕೆ ನೋಡುತ್ತದೆ. ನಂಬರಿರುವ ಜಾಗ ಉಜ್ಜಿದಂತೆ ನುಣುಪಾಗಿದ್ದರೂ ಅನುಮಾನ ಪಡಿ, ಸುತ್ತಲಿನ ಎರಕದ ಒರಟು ಮೈ ಅಲ್ಲೂ ಮುಂದುವರಿದಿರಬೇಕು. ಅದೇ ‘ಕಾರ್ಟರ್’ ಎಂದು ಬರೆದ ಕ್ವಾಡ್ರಾಜೆಟ್ ಸಿಕ್ಕರೆ ನಕಲಿ ಅಂದುಕೊಳ್ಳಬೇಡಿ. ರಾಚೆಸ್ಟರ್‌ನವರಿಗೆ ಬೇಡಿಕೆ ಪೂರೈಸಲಾಗದೆ ಕಾರ್ಟರ್ ಕಂಪನಿಯಿಂದಲೂ ಮಾಡಿಸಿದ್ದರು.

ಕ್ವಾಡ್ರಾಜೆಟ್‌ಗೆ ಇಲ್ಲಿ ‘ಕ್ವಾಡ್ರಾಜಂಕ್’ ಅಂತ ಅಡ್ಡಹೆಸರಿದೆ. ನನಗೆ ಆ ಮಾತು ಹಿಡಿಸುವುದಿಲ್ಲ. ಮುಂದಿನ ಎರಡು ಬಾಯಿ ಚಿಕ್ಕವು, ಹಿಂದಿನೆರಡು ಬಹಳ ದೊಡ್ಡವು. ನಿಧಾನಕ್ಕೆ ಹೋಗುವಾಗ ಚಿಕ್ಕವೇ ಸಾಕಾಗುತ್ತವೆ, ಪೆಡಲ್ ಪೂರ್ತಿ ಒತ್ತಿದಾಗ ಹಿಂದಿನವು ತೆರೆದುಕೊಳ್ಳುತ್ತವೆ. ಕೆಟ್ಟ ಹೆಸರು ಬಂದದ್ದು ದುರಸ್ತಿ ಗೊತ್ತಿಲ್ಲದವರ ಕೈಗೆ ಸಿಕ್ಕಿ. ಬಿಚ್ಚಿದಾಗ ನಾನು ನೋಡಿದ್ದು ಮುಖ್ಯವಾಗಿ ಮೂರು ಜಾಗ. ಪೆಟ್ರೋಲ್ ನಿಲ್ಲುವ ಬಟ್ಟಲಿನ ತಳದಲ್ಲಿರುವ ಬಾವಿಗಳ ಮುಚ್ಚಳಗಳು ಸೋರುತ್ತವೆ. ರಾತ್ರಿಯಿಡೀ ಪೆಟ್ರೋಲ್ ಇಳಿದು ಬೆಳಗ್ಗೆ ಬಟ್ಟಲು ಖಾಲಿ, ಸ್ಟಾರ್ಟ್ ಆಗಲು ಹಠ. ಎಪಾಕ್ಸಿ ಹಚ್ಚಿದರೆ ನಿಲ್ಲುತ್ತದೆ. ಬಾಯಿಗಳನ್ನು ತೆರೆದು ಮುಚ್ಚುವ ಥ್ರಾಟಲ್ ಶಾಫ್ಟ್ ಅಲುಗಾಡಿದರೆ ಬುಷ್ ಹಾಕಿಸಬೇಕು, ಇಲ್ಲದಿದ್ದರೆ ಅಲ್ಲಿಂದ ಗಾಳಿ ನುಗ್ಗಿ ಐಡಲ್ ಸರಿಹೋಗುವುದೇ ಇಲ್ಲ. ಕಪ್ಪು ಫೋಮ್‌ನಂಥ ಹಳೆ ಫ್ಲೋಟ್, ಅಂದರೆ ಬಟ್ಟಲಲ್ಲಿ ತೇಲಿ ಪೆಟ್ರೋಲ್ ಮಟ್ಟ ಕಾಯುವ ತುಂಡು, ವರ್ಷಾನುಗಟ್ಟಲೆ ಪೆಟ್ರೋಲ್ ಹೀರಿ ಭಾರವಾಗಿರುತ್ತದೆ. ಅದನ್ನು ತೂಗಿ ನೋಡದೆ ಮತ್ತೆ ಹಾಕಬಾರದು. ಮೈಬಣ್ಣದಲ್ಲೂ ಎಡವುವವರಿದ್ದಾರೆ. ಮೂಲದ್ದು ಹಸಿರು ಛಾಯೆಯ ಮಂದ ಹಳದಿ. ಹೊಸದಾಗಿ ಲೇಪಿಸಿದ ಕೆಲವು ಮದುವೆ ಮನೆಯ ಹಿತ್ತಾಳೆ ಪಾತ್ರೆಗಳ ಹಾಗೆ ಹೊಳೆಯುತ್ತವೆ.

ಪಂಪ್ ಫ್ಲಿಂಟ್ ಊರಿನ ‘ಎಸಿ’ ಎಂಬ ಹೆಸರಿನ ಬಿಡಿಭಾಗ ಕಂಪನಿಯದ್ದು, ಅಂಚಿನಲ್ಲಿ ನಂಬರು ಒತ್ತಿರುತ್ತದೆ. ಪೆಟ್ಟಿಗೆ ಬಿಚ್ಚದ ಹಳೆ ದಾಸ್ತಾನಿನದ್ದು ಸಿಕ್ಕರೂ ನೇರ ಹಾಕುವಂತಿಲ್ಲ, ಅದರೊಳಗಿನ ರಬ್ಬರ್ ಪರದೆಗೂ ಗಾಡಿಯಷ್ಟೇ ವಯಸ್ಸಾಗಿರುತ್ತದೆ. ಪಾಂಟಿಯಾಕ್‌ನಲ್ಲಿ ಪಂಪ್ ಕೂರುವುದು ಎಂಜಿನ್ ಮುಂಭಾಗದ ಮುಚ್ಚಳವಾದ ಟೈಮಿಂಗ್ ಕವರ್ ಮೇಲೆ. ಪರದೆ ಹರಿದರೆ ಪೆಟ್ರೋಲ್ ನೇರ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ನಾನು ಹಳೆ ಪಂಪಿನ ಕವಚ ಉಳಿಸಿ, ಎಥನಾಲ್ ತಡೆಯುವ ಪರದೆ ಹಾಕಿಸಿದೆ. ಇಲ್ಲಿನ ಮಾಮೂಲಿ ಪೆಟ್ರೋಲ್‌ನಲ್ಲಿ ಶೇಕಡ 10ರವರೆಗೆ ಎಥನಾಲ್ ಇರುತ್ತದೆ. 1969ರ ರಬ್ಬರ್‌ಗೆ ಅದು ಒಗ್ಗುವುದಿಲ್ಲ. ಹಾಗಾಗಿ ನನ್ನ ಲೆಕ್ಕ ಇಷ್ಟು: ಕಣ್ಣಿಗೆ ಕಾಣುವುದು 1969ರದ್ದು, ಪೆಟ್ರೋಲ್ ಮುಟ್ಟುವುದು ಇವತ್ತಿನದು. ರಬ್ಬರ್ ಪೈಪ್ ಎಥನಾಲ್ ತಡೆಯುವ ಜೆ30ಆರ್9 ದರ್ಜೆಯದ್ದು ಹಾಕಿ, ಮೇಲಿನ ಹೊಸ ಅಕ್ಷರಗಳನ್ನು ಅಳಿಸಿ, ಹಳೆ ಮಾದರಿಯ ಸ್ಪ್ರಿಂಗ್ ಕ್ಲಾಂಪ್ ಬಿಗಿದೆ. ಈ ಪೈಪ್ ಹೊರಮೈ ದಪ್ಪ, ಕ್ಲಾಂಪ್ ಅಳತೆ ನೋಡಿಯೇ ಕೊಳ್ಳಬೇಕು. ಅಪ್ಪಟ ಶುದ್ಧತೆ ಬೇಕೆನ್ನುವವರು ಇದಕ್ಕೆ ಮೂಗು ಮುರಿಯುತ್ತಾರೆ. ಮುರಿಯಲಿ, ಬೆಂಕಿ ಹತ್ತುವುದು ನನ್ನ ಗ್ಯಾರೇಜಿಗೆ.

ಚಾಸಿಯ ಪೈಪುಗಳು ಸಾದಾ ಉಕ್ಕಿನವು, ಬಗ್ಗಿಸಿ ತಯಾರಾಗಿಯೇ ಸಿಗುತ್ತವೆ. ಸ್ಟೇನ್‌ಲೆಸ್ ಬಾಳಿಕೆ ಬರುತ್ತದೆ, ಆದರೆ ಹೊಳಪು ಗುಟ್ಟು ಬಿಟ್ಟುಕೊಡುತ್ತದೆ.

ಟ್ಯಾಂಕ್ ಒಳಗೆಲ್ಲ ತುಕ್ಕು ಹಿಡಿದಿದ್ದರಿಂದ ಹೊಸದಾಗಿ ಮಾಡಿದ್ದನ್ನೇ ಕೊಂಡೆ. ಇಲ್ಲಿ ನೋಡಬೇಕಾದ್ದು ಆವಿ ಪೈಪುಗಳನ್ನು. ಆವಿ ಹಿಡಿದಿಡುವ ವ್ಯವಸ್ಥೆ ಕ್ಯಾಲಿಫೋರ್ನಿಯಾಗೆ 1970ರಲ್ಲಿ, ದೇಶಕ್ಕೆಲ್ಲ 1971ರಲ್ಲಿ ಬಂತು. ನಂತರದ ಟ್ಯಾಂಕುಗಳಲ್ಲಿ ಅದಕ್ಕೆಂದೇ ಹೆಚ್ಚಿನ ಪೈಪುಗಳಿರುತ್ತವೆ, 69ಕ್ಕೆ ಅವು ಬೇಡ. ಹೊಸ ಸೆಂಡಿಂಗ್ ಯೂನಿಟ್ ಮಾತ್ರ ಮೀಟರ್ ಹಿಡಿದು ನೋಡದೆ ಒಳಗೆ ಹಾಕಬೇಡಿ. ಫ್ಲೋಟ್ ಕೆಳಗಿದ್ದಾಗ ಸೊನ್ನೆಯ ಆಸುಪಾಸು, ಮೇಲೆತ್ತಿದಾಗ 90 ಓಮ್ ತೋರಿಸಬೇಕು. ನಡುವೆ ಎಲ್ಲೂ ಜಿಗಿಯಬಾರದು. ನಾನು ಮೊದಲು ತರಿಸಿದ್ದು ಅರ್ಧದಲ್ಲೇ ಜಿಗಿಯಿತು, ವಾಪಸ್ ಕಳಿಸಿ ಹಳೆಯದನ್ನೇ ಸರಿಮಾಡಿಸಿದೆ.

ಇಷ್ಟಕ್ಕೆಲ್ಲ ಆದ ಖರ್ಚು ಕೇಳಿ ಇಲ್ಲಿನ ಕನ್ನಡಿಗರ ಸಂಘವಾದ ಪಂಪ ಕನ್ನಡ ಕೂಟದ ಗೆಳೆಯರೊಬ್ಬರು, ‘ಇದಕ್ಕೆ ಮೈಸೂರಲ್ಲಿ ಒಂದು ಸೈಟಿಗೆ ಅಡ್ವಾನ್ಸ್ ಕೊಡಬಹುದಿತ್ತಲ್ರೀ’ ಅಂದರು. ಅವರನ್ನೇ ಕೂರಿಸಿಕೊಂಡು ವುಡ್‌ವರ್ಡ್ ರಸ್ತೆಯಲ್ಲಿ ಒಂದು ಸುತ್ತು ಹೋದೆ. ಹಿಂದಿನ ಎರಡು ಬಾಯಿ ತೆರೆದುಕೊಂಡಾಗ ಬರುವ ಸದ್ದಿಗೆ ಸೈಟಿನ ಮಾತು ನಿಂತಿತು.

ಚಳಿಗಾಲಕ್ಕೆ ಗಾಡಿ ಮುಚ್ಚಿಡುವ ಮುಂಚೆ ಎಥನಾಲ್ ಇಲ್ಲದ ಪೆಟ್ರೋಲ್ ತುಂಬಿಸಿ ಸ್ವಲ್ಪ ಓಡಿಸುತ್ತೇನೆ, ಕಾರ್ಬ್ಯುರೇಟರ್‌ನ ಬಟ್ಟಲಿಗೂ ಅದೇ ತಲುಪಬೇಕು. ಮತ್ತೆ ಹೊರಗೆ ತೆಗೆಯುವ ದಿನ ಕೀಲಿ ತಿರುಗಿಸುವುದಕ್ಕೆ ಮುಂಚೆ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ, ಮೊದಲು ಪಂಪ್ ಬಿಚ್ಚಿ.