ಉಕ್ಕಿನ ಡೈವಿಂಗ್ ಸಿಲಿಂಡರ್ ಮತ್ತು ಮಲೆನಾಡಿನ ಮಳೆಗಾಲ

ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ನೀರಿಗಿಳಿಯುವ ಕಾಲ ಮುಂಗಾರು ಬರುವ ಹೊತ್ತಿಗೆ ಮುಗಿಯುತ್ತದೆ. ಮತ್ತೆ ದೋಣಿ ಹೊರಡುವುದು ಮಳೆ ಹಿಂದೆ ಸರಿದ ಮೇಲೆಯೇ. ಅಲ್ಲಿಯವರೆಗೆ, ನೀರಿನಡಿ ಉಸಿರಾಡಲು ಗಾಳಿ ತುಂಬಿಸಿ ಬೆನ್ನಿಗೆ ಕಟ್ಟಿಕೊಳ್ಳುವ ನನ್ನ ಉಕ್ಕಿನ ಸಿಲಿಂಡರ್‌ಗಳು ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿರುತ್ತವೆ. ತುಕ್ಕು ಎಂದ ಕೂಡಲೇ ಎಲ್ಲರೂ ಸಮುದ್ರದ ಉಪ್ಪನ್ನು ದೂರುತ್ತಾರೆ. ಉಪ್ಪು ಅದನ್ನು ಆರಂಭಿಸುತ್ತದೆ, ನಿಜ. ಬೆಳೆಸುವುದು ಮಾತ್ರ ಗೋಡೆಯೂ ಬೆವರುವ ನಮ್ಮ ಮಳೆಗಾಲ.

ಇಷ್ಟು ಕಷ್ಟವಿದ್ದೂ ಉಕ್ಕೇ ಏಕೆ? ಸಾಮಾನ್ಯವಾಗಿ ಬಳಸುವ 11 ಲೀಟರಿನ ಅಲ್ಯುಮಿನಿಯಂ ಸಿಲಿಂಡರ್ ಗಾಳಿ ಖಾಲಿಯಾಗುತ್ತಾ ಬಂದಂತೆ ತೇಲತೊಡಗುತ್ತದೆ. ಅದನ್ನು ಸರಿದೂಗಿಸಲು ಸೊಂಟಕ್ಕೆ ಹೆಚ್ಚು ಸೀಸ ಕಟ್ಟಬೇಕು. ಉಕ್ಕಿನದು ಕೊನೆಯವರೆಗೂ ಮುಳುಗಿಯೇ ಇರುತ್ತದೆ. ನನ್ನ ಬೆನ್ನಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತು. ಚೆನ್ನಾಗಿ ನೋಡಿಕೊಂಡರೆ ಉಕ್ಕಿನ ಸಿಲಿಂಡರ್ ದಶಕಗಳ ಕಾಲ ಬಾಳುತ್ತದೆ ಎಂಬುದೂ ಅಷ್ಟೇ ಮುಖ್ಯ.

ಮೊದಲು ಒಳಗಿನ ಮಾತು. ಹೊರಗಿನ ತುಕ್ಕು ಕಣ್ಣಿಗೆ ಕಾಣುತ್ತದೆ, ಒಳಗಿನದು ಕಾಣದೆ ಕೊಲ್ಲಬಲ್ಲದು. ತುಕ್ಕು ಹಿಡಿಯುವುದೆಂದರೆ ಕಬ್ಬಿಣವು ಆಮ್ಲಜನಕವನ್ನು ಹೀರಿಕೊಳ್ಳುವುದು. ಒಳಗೆ ನೀರು ಸೇರಿದ ಸಿಲಿಂಡರನ್ನು ಮುಚ್ಚಿ ತಿಂಗಳುಗಟ್ಟಲೆ ಇಟ್ಟರೆ, ಅದರ ಗಾಳಿಯಲ್ಲಿ ಉಸಿರಾಟಕ್ಕೆ ಬೇಕಾದಷ್ಟು ಆಮ್ಲಜನಕ ಉಳಿಯದೇ ಹೋಗಬಹುದು. ಹಾಗೆಂದು ತುಂಬಿಸಿಟ್ಟರೆ ತುಕ್ಕು ಇನ್ನೂ ಚುರುಕಾಗುತ್ತದೆ. 200 ಬಾರ್, ಅಂದರೆ ಹೊರಗಿನ ಗಾಳಿಯ ಸುಮಾರು 200 ಪಟ್ಟು ಒತ್ತಡದ ಗಾಳಿಯಲ್ಲಿ ಆಮ್ಲಜನಕದ ಪಾಲೇ ಸುಮಾರು 42 ಬಾರ್. ನೀರಿನ ಒಂದು ಹನಿಗೆ ಅದು ಹಬ್ಬದೂಟ. ಆದ್ದರಿಂದ ನಾನು ಮಳೆಗಾಲಕ್ಕೆ 20 ಬಾರ್‌ನಷ್ಟು ಮಾತ್ರ ಉಳಿಸಿ, ನೆಟ್ಟಗೆ ನಿಲ್ಲಿಸಿ ಇಡುತ್ತೇನೆ. ಸಂಪೂರ್ಣ ಖಾಲಿ ಮಾಡಿದರೆ ಹೊರಗಿನ ತೇವ ಒಳನುಗ್ಗಲು ದಾರಿಯಾಗುತ್ತದೆ. ನೆಟ್ಟಗೆ ನಿಲ್ಲಿಸುವುದು ಏಕೆಂದರೆ, ಅಕಸ್ಮಾತ್ ನೀರಿದ್ದರೂ ಅದು ಲೋಹ ಅತ್ಯಂತ ದಪ್ಪವಿರುವ ತಳದಲ್ಲಿ ನಿಲ್ಲುತ್ತದೆ. ಪಕ್ಕಕ್ಕೆ ಮಲಗಿಸಿದರೆ ತೆಳುವಾದ ಗೋಡೆಯನ್ನು ಉದ್ದಕ್ಕೂ ತಿನ್ನುತ್ತದೆ. ಹೊಸ ಋತು ಬಂದಾಗ ಆ ಹಳೆಯ ಗಾಳಿಯನ್ನು ಉಸಿರಾಡದೆ ಹೊರಬಿಟ್ಟು, ಹೊಸದಾಗಿ ತುಂಬಿಸುತ್ತೇನೆ.

ನೀರು ಒಳಗೆ ಹೋಗುವುದು ಬಹುಪಾಲು ಗಾಳಿ ತುಂಬುವಾಗ. ವಾಲ್ವಿನ ಬಾಯಲ್ಲಿ ನಿಂತ ಎರಡು ಹನಿಯನ್ನು ಕಂಪ್ರೆಸರ್ ನೇರವಾಗಿ ಒಳಗೆ ತಳ್ಳುತ್ತದೆ. ಪೈಪು ಜೋಡಿಸುವ ಮೊದಲು ವಾಲ್ವಿನಿಂದ ಸ್ವಲ್ಪ ಗಾಳಿ ಬಿಟ್ಟು, ಪೈಪಿನ ತುದಿಯನ್ನೂ ಊದಿಸಿ ಒರೆಸಬೇಕು. ಇದನ್ನು ಮಾಡದವರ ಕೈಗೆ ನಾನು ಸಿಲಿಂಡರ್ ಕೊಡುವುದಿಲ್ಲ. ಒಳಗೆ ನೀರಿದೆಯೇ ಎಂದು ನೋಡುವ ಸುಲಭ ದಾರಿ ಒಂದಿದೆ: ಸಿಲಿಂಡರನ್ನು ತಲೆಕೆಳಗಾಗಿ ಸ್ವಲ್ಪ ಹೊತ್ತು ನಿಲ್ಲಿಸಿ, ವಾಲ್ವನ್ನು ಚೂರೇ ತೆರೆಯುವುದು. ಬಿಳಿ ಮಂಜಿನಂತೆ ಗಾಳಿ ಬಂದರೆ ಅಥವಾ ಹನಿ ಸಿಡಿದರೆ, ಒಳಗನ್ನು ತೆರೆದು ನೋಡಿಸಲೇಬೇಕು. ಒಳಗೆ ತೆಳುವಾದ ಕಿತ್ತಳೆ ಬಣ್ಣದ ಪೊರೆ ಮಾತ್ರ ಇದ್ದರೆ ಪರಿಣತರು ಸಿಲಿಂಡರಿಗೆ ಒರಟು ಚೂರುಗಳನ್ನು ತುಂಬಿ ಗಂಟೆಗಟ್ಟಲೆ ಉರುಳಿಸಿ ಶುಚಿ ಮಾಡುತ್ತಾರೆ. ಗುಳಿ ಬಿದ್ದಿದ್ದರೆ ಅದರ ಆಳ ಅಳೆದು ಉಳಿಸಬೇಕೋ ಬಿಡಬೇಕೋ ಎಂದು ತೀರ್ಮಾನಿಸುವುದು ಅವರದೇ ಕೆಲಸ. ಒಳಗೆ ಬಣ್ಣ ಬಳಿಯುವ ಯೋಚನೆಯೇ ಬೇಡ. ಕೊಬ್ಬರಿ ಎಣ್ಣೆಯೂ ಬೇಡ! ಕತ್ತಿಗೆ, ಬೀಗಕ್ಕೆ ಎಣ್ಣೆ ಸವರುವುದು ನಮ್ಮ ರೂಢಿ. ಒತ್ತಡದ ಗಾಳಿಯೊಳಗೆ ಎಣ್ಣೆ ಹೊತ್ತಿಕೊಳ್ಳಬಹುದು, ಶ್ವಾಸಕೋಶಕ್ಕೂ ಅದು ವಿಷ.

ಹೊರಮೈಯಲ್ಲಿ ತುಕ್ಕಿನ ತವರು ತಳದ ಪ್ಲಾಸ್ಟಿಕ್ ಬೂಟು. ಉಪ್ಪುನೀರು ಅದರೊಳಗೆ ಸೇರಿ ಹೊರಬರುವುದೇ ಇಲ್ಲ. ಋತು ಮುಗಿದ ಕೂಡಲೇ ಬಿಸಿನೀರು ಹೊಯ್ದು ಮೆತ್ತಗಾಗಿಸಿ ಬೂಟನ್ನು ಕಳಚುತ್ತೇನೆ. ಮೈಮೇಲಿನ ಬಲೆಯನ್ನೂ ತೆಗೆದು ಎಲ್ಲವನ್ನೂ ಬಾವಿಯ ಸಿಹಿನೀರಿನಲ್ಲಿ ತೊಳೆಯುತ್ತೇನೆ. ಮಳೆಗಾಲ ಪೂರ್ತಿ ಬೂಟಿಲ್ಲದೆ, ಗೋಡೆಗೆ ಕಟ್ಟಿದ ಮರದ ಚೌಕಟ್ಟಿನಲ್ಲಿ ನಿಲ್ಲಿಸುತ್ತೇನೆ. ಜಾಗದ ಆಯ್ಕೆಯೂ ಮುಖ್ಯ. ತೋಟದ ಸಾಮಾನಿನ ಕೋಣೆ ಎಷ್ಟೇ ಬೆಚ್ಚಗಿದ್ದರೂ ಅಲ್ಲಿ ಇಡಬಾರದು. ಪೊಟ್ಯಾಷ್ ಗೊಬ್ಬರದಲ್ಲಿರುವುದು ಕ್ಲೋರೈಡ್, ಸಮುದ್ರದ ಉಪ್ಪಿನಲ್ಲಿರುವುದೂ ಅದೇ. ಮೈಲುತುತ್ತವಂತೂ ಇನ್ನೂ ಕೆಟ್ಟದ್ದು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲಸಿದವರಿಗೆಲ್ಲ ಇದು ಗೊತ್ತಿದೆ: ಸುಣ್ಣ ಸಾಲದಿದ್ದರೆ, ಅದ್ದಿದ ಕಬ್ಬಿಣದ ಚೂರಿಗೆ ಕೆಂಪು ತಾಮ್ರ ಅಂಟಿಕೊಳ್ಳುತ್ತದೆ. ತಾಮ್ರ ಅಂಟುವಾಗ ಅಷ್ಟು ಕಬ್ಬಿಣ ಕರಗಿಹೋಗಿರುತ್ತದೆ. ಸಿಲಿಂಡರಿನ ಸತುವಿನ ಲೇಪ ಅದಕ್ಕಿಂತ ಬೇಗ ಕರಗುತ್ತದೆ.

ಇನ್ನು ಬಣ್ಣದ ಕೆಲಸ. ಅದನ್ನು ಜನವರಿ, ಫೆಬ್ರುವರಿಯಲ್ಲಿ ಮಾಡುತ್ತೇನೆ, ಅದೂ ಇಬ್ಬನಿ ಆರಿ ಬಿಸಿಲೇರಿದ ಮೇಲೆ. ಗಾಳಿಯ ತೇವಾಂಶ ಶೇ. 85ಕ್ಕಿಂತ ಕಡಿಮೆಯಿರಬೇಕು, ಲೋಹದ ಮೈ ಇಬ್ಬನಿಗಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು ಎಂಬುದು ಎಪಾಕ್ಸಿ ಬಣ್ಣದ ಸಾಮಾನ್ಯ ನಿಯಮ. ಜುಲೈಯಲ್ಲಿ ಉಕ್ಕನ್ನು ಉಜ್ಜಿ ಬೆಳ್ಳಗೆ ಮಾಡಿದರೆ, ಬಣ್ಣದ ಡಬ್ಬಿ ತೆರೆಯುವಷ್ಟರಲ್ಲಿ ಮತ್ತೆ ಕೆಂಪು ಹತ್ತಿರುತ್ತದೆ.

ಪರಿಚಯದ ವೆಲ್ಡಿಂಗ್ ಕೆಲಸಗಾರರೊಬ್ಬರು ಪ್ರೀತಿಯಿಂದಲೇ ಹೇಳಿದ್ದರು: "ಇಲ್ಲಿ ಕೊಡಿ ಸಾರ್, ಬೆಂಕಿ ಹಿಡಿದರೆ ಹಳೇ ಬಣ್ಣ ಕ್ಷಣದಲ್ಲಿ ಹೋಗುತ್ತದೆ." ಬೇಡವೆಂದು ಅವರಿಗೆ ಕಾರಣ ವಿವರಿಸಿದೆ. ಸಿಲಿಂಡರಿನ ಕ್ರೋಮಿಯಂ–ಮಾಲಿಬ್ಡಿನಂ ಬೆರೆತ ಉಕ್ಕಿಗೆ ಅದರ ಬಲ ಬಂದಿರುವುದೇ ಕಾರ್ಖಾನೆಯಲ್ಲಿ ಲೆಕ್ಕ ಹಾಕಿ ಕಾಯಿಸಿ ತಣಿಸಿದ್ದರಿಂದ. ಬೆಂಕಿ ಆ ಲೆಕ್ಕವನ್ನು ಕೆಡಿಸುತ್ತದೆ. ಗ್ರೈಂಡರ್ ಕೂಡ ಬೇಡ, ಗೋಡೆಯ ದಪ್ಪ ಕೆಲವೇ ಮಿಲಿಮೀಟರ್. ಬಲವಾದ ಆಮ್ಲದಲ್ಲಿ ತೊಳೆದರೆ ಹೈಡ್ರೋಜನ್ ಲೋಹದೊಳಗೆ ಸೇರಿ ಅದು ಸುಲಭವಾಗಿ ಬಿರುಕು ಬಿಡುವಂತೆ ಮಾಡಬಹುದು. ಬಣ್ಣ ಕಳಚುವ ದ್ರಾವಣ, ತಂತಿ ಬ್ರಷ್, ಎಮರಿ ಕಾಗದ ಇಷ್ಟೇ ನನ್ನ ಸಲಕರಣೆ. ಗಾಳಿಯನ್ನೆಲ್ಲ ಬಿಟ್ಟು, ವಾಲ್ವ್ ಇದ್ದ ಬಾಯಿಗೆ ಬಿಗಿಯಾದ ಪ್ಲಾಸ್ಟಿಕ್ ಬಿರಡೆ ಹಾಕಿ ಕೆಲಸಕ್ಕೆ ಕೂರುತ್ತೇನೆ.

ಅಡಿಕೆ ಬೇಯಿಸಿದ ಚೊಗರು ಬಳಿಯಿರಿ ಎಂದು ಊರಿನಲ್ಲಿ ಹೇಳುವವರಿದ್ದಾರೆ. ಅದರಲ್ಲಿ ಅರ್ಥವಿದೆ. ಚೊಗರಿನ ಟ್ಯಾನಿನ್ ತುಕ್ಕಿನೊಡನೆ ಕೂಡಿ ಕಪ್ಪು ಪದರವಾಗುತ್ತದೆ. ಅಂಗಡಿಯಲ್ಲಿ ಸಿಗುವ ಹಲವು ತುಕ್ಕುನಿವಾರಕಗಳ ಗುಟ್ಟೂ ಇದೇ. ಹಾರೆ, ಪಿಕಾಸಿಗೆ ಧಾರಾಳವಾಗಿ ಬಳಿಯಿರಿ. ಸಿಲಿಂಡರಿಗೆ ನಾನು ಬಳಿಯುವುದು ಸತು ತುಂಬಿದ ಪ್ರೈಮರ್. ಸತು ತಾನು ಸವೆದು ಉಕ್ಕನ್ನು ಕಾಯುವುದು, ಎರಡೂ ಲೋಹಗಳು ನೇರವಾಗಿ ತಗುಲಿಕೊಂಡಿದ್ದರೆ ಮಾತ್ರ. ನಡುವೆ ಕಪ್ಪು ಪದರ ಬಂದರೆ ಸತು ಬರೀ ಬೂದು ಬಣ್ಣವಾಗಿ ಉಳಿಯುತ್ತದೆ. ಕಾರ್ಖಾನೆಯ ಸತುವಿನ ಲೇಪ ಗಟ್ಟಿಯಾಗಿರುವ ಕಡೆ ಅದನ್ನು ಕೆರೆಯುವುದಿಲ್ಲ, ಉಕ್ಕು ಕಂಡ ಕಡೆ ಮಾತ್ರ ಹೊಳಪು ಬರುವವರೆಗೆ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಕೈ ತಾಗಿಸದೆ ಪ್ರೈಮರ್ ಬಳಿಯುತ್ತೇನೆ. ಮೇಲೆ ಎರಡು ತೆಳು ಪದರ ಎಪಾಕ್ಸಿ. ಒಲೆಯಲ್ಲಿ ಬೇಯಿಸುವ ಪುಡಿ ಬಣ್ಣದ ತಂಟೆಗೆ ಹೋಗುವುದಿಲ್ಲ. ಗುಳಿಗಳಿಗೆ ಪುಟ್ಟಿ ತುಂಬಿ ನುಣುಪು ಮಾಡುವುದು ತಪಾಸಣೆಗೆ ಮಾಡುವ ಮೋಸ. ಕುತ್ತಿಗೆಯ ಬಳಿ ಕೊರೆದ ಅಂಕಿಗಳ ಮೇಲೆ ಬಣ್ಣ ತೀರ ತೆಳುವಾಗಿರಲಿ, ಪರೀಕ್ಷೆಯ ದಿನಾಂಕ ಓದಲಾಗದ ಸಿಲಿಂಡರನ್ನು ಯಾರೂ ತುಂಬಿಸಿಕೊಡುವುದಿಲ್ಲ.

ಗುಳಿ ಕಂಡ ಸಿಲಿಂಡರನ್ನು ಬಣ್ಣಕ್ಕೂ ಮೊದಲೇ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆಯ ಕೇಂದ್ರ ಸರ್ಕಾರಿ ಸಂಸ್ಥೆ) ಮಾನ್ಯತೆಯ ಕೇಂದ್ರದಲ್ಲಿ ಜಲಪರೀಕ್ಷೆಗೆ ಕೊಡುತ್ತೇನೆ. ಅಲ್ಲಿ ಒಳಗೆ ನೀರು ತುಂಬಿಯೇ ಒತ್ತಡ ಹಾಕುವುದರಿಂದ, ಬಿಸಿ ಒಣಗಾಳಿ ಊದಿ ಆಗಲೇ ಒಣಗಿಸಿ ಕೊಡಿ ಎಂದು ಕೇಳಿ, ವಾಲ್ವ್ ಹಾಕುವ ಮುನ್ನ ಸಣ್ಣ ದೀಪ ಇಳಿಬಿಟ್ಟು ಒಳಗನ್ನು ನಾನೇ ನೋಡಿಕೊಂಡು ಬರುತ್ತೇನೆ.