ಬೀಟಲ್ ಕಾರಿನ ಕಚ್ಚಿಕೊಂಡ ಕ್ಲಚ್ ಪೆಡಲನ್ನು ಬಿಡಿಸಿದ ಬಗೆ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ ಕ್ಲಚ್ ಪೆಡಲ್ ಒತ್ತಲು ಬಿಗಿಯಾಗಿ, ಒತ್ತಿದ ಮೇಲೆ ತಾನಾಗಿ ಮೇಲೆ ಬಾರದಿದ್ದರೆ ಹೆಚ್ಚಿನವರು ಮೊದಲು ಶಂಕಿಸುವುದು ಕೇಬಲ್ಲನ್ನು. ಅಮೆರಿಕದ ಓಹಾಯೋದಲ್ಲಿ ನಾನಿಟ್ಟುಕೊಂಡಿರುವ 1969ರ ಕಾರಿನಲ್ಲಿ ಈ ತೊಂದರೆ ಕಾಣಿಸಿದಾಗ, ಹೊಸ ಕೇಬಲ್ ತರಿಸುವ ಮುನ್ನ, ಗೇರ್‌ಬಾಕ್ಸ್‌ನ ಎಡಬದಿಯ ಕ್ಲಚ್ ಲಿವರಿನಲ್ಲಿರುವ ರೆಕ್ಕೆ ನಟ್ಟನ್ನು ಬಿಚ್ಚಿ ಕೇಬಲ್ಲನ್ನು ಸಡಿಲಿಸಿ ನೋಡಿದೆ. ಎಳೆತವೆಲ್ಲ ಹೋದ ಮೇಲೂ ಪೆಡಲ್ ಮೊದಲಿನಷ್ಟೇ ಬಿಗಿಯಾಗಿತ್ತು. ಹಾಗಾಗಿ ದೋಷವಿರುವುದು ಪೆಡಲ್‌ಗಳ ಜೋಡಣೆಯಲ್ಲಿಯೇ ಎಂದು ತಿಳಿಯಿತು.

ಸ್ಟಿಯರಿಂಗ್ ಎಡಕ್ಕಿರುವ ಬೀಟಲ್‌ನಲ್ಲಿ ಕ್ಲಚ್ ಪೆಡಲಿನ ಶಾಫ್ಟ್ ಒಂದು ಕೊಳವೆಯೊಳಗೆ ಹಾದು ಕಾರಿನ ನೆಲದ ನಡುವೆ ಉದ್ದಕ್ಕೂ ಇರುವ ಟೊಳ್ಳು ಉಬ್ಬನ್ನು, ಅಂದರೆ ಟನೆಲ್ಲನ್ನು ಸೇರುತ್ತದೆ. ಅಲ್ಲಿ ಅದರ ತುದಿಯ ಕೊಕ್ಕೆಗೆ ಕೇಬಲ್ಲಿನ ಕಣ್ಣು ಸಿಕ್ಕಿಕೊಂಡಿರುತ್ತದೆ. ಬ್ರೇಕ್ ಪೆಡಲ್ ಅದೇ ಕೊಳವೆಯ ಹೊರಮೈ ಮೇಲೆ ತಿರುಗುತ್ತದೆ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ, ಬೂಟಿಗೆ ಅಂಟಿ ಬಂದ ಆ ಉಪ್ಪುನೀರು ಇಳಿಯುವುದು ಪೆಡಲ್‌ಗಳ ಬುಡಕ್ಕೇ. ಮಂಗಳೂರು, ಕಾರವಾರಗಳ ಕಡೆಯ ಹಳೆಯ ಕಾರುಗಳಿಗೆ ಕಡಲ ಗಾಳಿ ಮಾಡುವ ಕೇಡೂ ಇಂಥದ್ದೇ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ, ಶಾಫ್ಟ್ ಮತ್ತು ಕೊಳವೆಯ ನಡುವಿನ ಸಣ್ಣ ಸಂದು ತುಂಬಿ ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ.

ಪೆಡಲ್‌ಗಳು ಕಾರಿನಲ್ಲಿರುವಾಗಲೇ ಬೆಂಕಿ ತೋರಿಸಬಾರದೆಂಬುದನ್ನು ಒತ್ತಿ ಹೇಳಬೇಕು. ಬೀಟಲ್‌ನ ಪೆಟ್ರೋಲ್ ಟ್ಯಾಂಕ್ ಮುಂಭಾಗದಲ್ಲಿ, ಪೆಡಲ್‌ಗಳಿಗೆ ತೀರ ಹತ್ತಿರದಲ್ಲಿದೆ. ಪೆಡಲಿನ ಒತ್ತಡವನ್ನು ಬ್ರೇಕ್ ಎಣ್ಣೆಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಕೂಡ ಅಲ್ಲಿಯೇ ಇದೆ. ಆದ್ದರಿಂದ ಆಕ್ಸಿಲರೇಟರ್ ಪೆಡಲನ್ನು ಕಳಚಿ, ಬ್ರೇಕ್ ಪೆಡಲಿನಿಂದ ಆ ಸಿಲಿಂಡರಿಗೆ ಹೋಗುವ ಪುಶ್ ರಾಡನ್ನು ಬಿಡಿಸಿ, ಟನೆಲ್ಲಿಗೆ ಹಿಡಿದಿದ್ದ ಎರಡು ಬೋಲ್ಟುಗಳನ್ನು ಬಿಚ್ಚಿ, ಇಡೀ ಜೋಡಣೆಯನ್ನು ಹೊರತೆಗೆದೆ. ಕೇಬಲ್ಲಿನ ಕಣ್ಣನ್ನು ಕೊಕ್ಕೆಯಿಂದ ತಪ್ಪಿಸಿದೊಡನೆ ತಂತಿ ಹಾಕಿ ಕಟ್ಟಿಟ್ಟೆ, ಏಕೆಂದರೆ ಅದು ಟನೆಲ್ಲಿನೊಳಗೆ ಜಾರಿದರೆ ಹುಡುಕಿ ತೆಗೆಯುವುದು ಬಹಳ ಕಷ್ಟ.

ಪೆಡಲನ್ನು ಶಾಫ್ಟಿಗೆ ಬಂಧಿಸಿರುವ ಪಿನ್ನನ್ನು ಮೊದಲೇ ಹೊಡೆದು ತೆಗೆದು, ಆಮೇಲೆ ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಬಡಿಯುವವರನ್ನು ನಾನು ನೋಡಿದ್ದೇನೆ. ಆ ಪೆಟ್ಟಿಗೆ ತುದಿ ಅಣಬೆಯ ತಲೆಯಂತೆ ಅಗಲವಾಗುತ್ತದೆ, ತುಕ್ಕು ಬಿಟ್ಟರೂ ಶಾಫ್ಟ್ ಕೊಳವೆಯಲ್ಲಿ ಹಾಯುವುದಿಲ್ಲ. ಕಚ್ಚಿಕೊಂಡ ಶಾಫ್ಟನ್ನು ಮೊದಲು ತಿರುಗಿಸಬೇಕು, ಎಳೆಯುವುದು ಆಮೇಲಿನ ಕೆಲಸ. ತಿರುಗಿಸಲು ಪೆಡಲಿಗಿಂತ ಒಳ್ಳೆಯ ಹಿಡಿಕೆ ಇಲ್ಲವಾದ್ದರಿಂದ ಪಿನ್ನನ್ನು ಹಾಗೆಯೇ ಬಿಟ್ಟೆ.

ಸಮಪಾಲು ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ಬೆರೆಸಿ, ಇವೆರಡೂ ಬೇಗ ಬೇರ್ಪಡುವುದರಿಂದ ಪ್ರತಿ ಸಲವೂ ಕುಲುಕಿ, ಕೊಳವೆಯ ಎರಡೂ ಬಾಯಿಗಳಿಗೆ ಬಿಡುತ್ತ ಕೆಲವು ದಿನ ನೆನೆಯಲು ಇಟ್ಟೆ. ನಂತರ ಪೂರ್ತಿ ಒರೆಸಿ, ಅಸಿಟೋನ್ ಆರಿಹೋಗುವವರೆಗೆ ಕಾದು, ಬಯಲಿನಲ್ಲಿ ಗ್ಯಾಸ್ ಟಾರ್ಚಿನಿಂದ ಕೊಳವೆಯನ್ನಷ್ಟೇ ಸುತ್ತಲೂ ಸಮವಾಗಿ ಕಾಯಿಸಿದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ತೊಳೆದ ಭಾಗಕ್ಕೆ ಬೆಂಕಿ ಹಿಡಿದರೆ ಪ್ರಾಣಾಂತಕವಾದ ಫಾಸ್ಜೀನ್ ಅನಿಲ ಹುಟ್ಟಬಹುದು. ಅದನ್ನು ನಾನು ಹತ್ತಿರಕ್ಕೂ ತರಲಿಲ್ಲ. 20 ಮಿ.ಮೀ. ವ್ಯಾಸದ ಉಕ್ಕಿನ ಕೊಳವೆ 200 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಹಿಗ್ಗುವುದು ಸುಮಾರು 0.05 ಮಿ.ಮೀ. ಮಾತ್ರ, ಆದರೆ ತುಕ್ಕಿನ ಪದರ ಬಿರುಕು ಬಿಡಲು ಅಷ್ಟು ಸಾಕು. ಶಾಫ್ಟ್ ತಿರುಗಲು ಕೊಳವೆಯೊಳಗೆ ಕೂರಿಸಿರುವ ತೆಳು ಒಳಪದರ, ಅಂದರೆ ಬುಶ್ ಹೇಗೂ ಬದಲಾಗಬೇಕಿದ್ದುದರಿಂದ ಅದು ಸುಡುವ ಚಿಂತೆ ಇರಲಿಲ್ಲ. ಬಿಸಿ ಇರುವಾಗಲೇ ಸಂದಿಗೆ ಮೇಣದಬತ್ತಿ ಒತ್ತಿದೆ, ಕರಗಿದ ಮೇಣ ತಾನಾಗಿ ಒಳಕ್ಕೆ ಇಳಿಯಿತು.

ಬೆಂಚ್ ವೈಸಿನಲ್ಲಿ ಹಿಡಿಯುವಾಗಲೂ ಎಚ್ಚರ ಬೇಕು: ಕೊಳವೆಯನ್ನೇ ಬಿಗಿದರೆ ಅದು ಒತ್ತಿಹೋಗಿ ಶಾಫ್ಟನ್ನು ಇನ್ನಷ್ಟು ಅಮುಕುತ್ತದೆ. ಬೋಲ್ಟು ಕೂರುವ ಚಪ್ಪಟೆ ಭಾಗವನ್ನು ಹಿಡಿದು, ಪೆಡಲನ್ನು ಕೈಬಲದಿಂದಷ್ಟೇ ಹಿಂದಕ್ಕೂ ಮುಂದಕ್ಕೂ ಆಡಿಸಿದೆ. ಮೊದಲು ಕೂದಲೆಳೆಯಷ್ಟು ಅಲುಗಿತು. ಅಲ್ಲಿ ಬಲ ಹೆಚ್ಚಿಸುವ ಆಸೆಯಾಗುತ್ತದೆ, ಆದರೆ ಹಾಗೆ ಮಾಡಿದರೆ ಪಿನ್ ತುಂಡಾಗುತ್ತದೆ. ಮತ್ತೆ ಎಣ್ಣೆ, ಒರೆಸುವಿಕೆ, ಕಾವು, ಮೇಣ ಎಂದು ಸರದಿ ಮುಂದುವರಿಸಿದಂತೆ ಆಟ ಹೆಚ್ಚುತ್ತ ಹೋಗಿ, ಕಂದು ಬಣ್ಣದ ಕೆಸರು ಹೊರಬಂದು, ಶಾಫ್ಟ್ ಸಲೀಸಾಗಿ ತಿರುಗತೊಡಗಿತು. ಪಿನ್ನನ್ನು ಪಂಚಿನಿಂದ ಹೊಡೆದು ತೆಗೆದದ್ದು ಆಮೇಲೆ. ಶಾಫ್ಟ್ ಕೊಕ್ಕೆಯ ಕಡೆಯಿಂದ ಹೊರಬಂತು.

ಎಮರಿ ಕಾಗದದಿಂದ ಉಜ್ಜಿದಾಗ ಶಾಫ್ಟಿನ ಮೇಲೆ ಆಳವಾದ ಗುಳಿಗಳು ಕಾಣಲಿಲ್ಲ, ಕೊಕ್ಕೆಯೂ ಸವೆದಿರಲಿಲ್ಲ. ಹೊಸ ಬುಶ್, ಹೊಸ ಪಿನ್ ಹಾಕಿ ಧಾರಾಳವಾಗಿ ಗ್ರೀಸ್ ಸವರಿ ಜೋಡಿಸಿದೆ. ಮರಳಿ ಕೂರಿಸುವಾಗ ಕ್ಲಚ್ ಪೆಡಲನ್ನು ನೆಟ್ಟಗೆ ಹಿಡಿದು ಕೇಬಲ್ಲಿನಲ್ಲಿ ಎಳೆತ ಉಳಿಸಿಕೊಳ್ಳದಿದ್ದರೆ ಕಣ್ಣು ಕೊಕ್ಕೆಯಿಂದ ಜಾರುತ್ತದೆ.

ಬ್ರೇಕಿನ ಪುಶ್ ರಾಡಿಗೂ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿಗೂ ನಡುವೆ 1 ಮಿ.ಮೀ. ಅಂತರ ಇರಲೇಬೇಕು. ಅದಿಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಾರದೆ, ಬಿಸಿಯಾಗಿ ಹಿಗ್ಗಿದ ಬ್ರೇಕ್ ಎಣ್ಣೆಗೆ ಮರಳುವ ದಾರಿ ಮುಚ್ಚಿ, ಓಡುತ್ತಿರುವಾಗಲೇ ಬ್ರೇಕ್ ಹಿಡಿದುಕೊಳ್ಳಬಹುದು. ಈ ಅಂತರವನ್ನು ರಾಡಿನ ಉದ್ದ ಬದಲಿಸದೆ, ಪೆಡಲಿನ ತಡೆಪಟ್ಟಿಯನ್ನು ಸರಿಸಿ ಹೊಂದಿಸಿದೆ. ಕೊನೆಗೆ ರೆಕ್ಕೆ ನಟ್ಟನ್ನು ತಿರುಗಿಸಿ ಕ್ಲಚ್ ಪೆಡಲಿಗೆ 10ರಿಂದ 20 ಮಿ.ಮೀ. ಸಡಿಲು ಓಟ (ಕ್ಲಚ್ ಬಿಡಲು ಶುರುವಾಗುವ ಮುನ್ನ ಪೆಡಲ್ ಸುಮ್ಮನೆ ಆಡುವ ದೂರ) ಕೊಟ್ಟು, ಸ್ವಲ್ಪ ದೂರ ಓಡಿಸಿ ಬಂದು ಅದನ್ನು ಇನ್ನೊಮ್ಮೆ ಅಳೆದೆ.