ಸಿಟಿಜನ್‌ಶಿಪ್ ಕ್ಲಾಸ್ ನಡೆಸೋಕೆ ದುಡ್ಡು ಹೊಂದಿಸೋದು ಹೇಗೆ

ಅಮೆರಿಕದ ಪೌರತ್ವ ಪರೀಕ್ಷೆಗೆ ತಯಾರಿ ಮಾಡಿಸೋ ನಮ್ಮ ಕ್ಲಾಸಿಗೆ ಬರೋ ಒಬ್ಬ ಆಂಟಿಗೆ ಸಿವಿಕ್ಸ್, ಅಂದ್ರೆ ಅಮೆರಿಕದ ಸರ್ಕಾರ, ಇತಿಹಾಸದ ಪ್ರಶ್ನೆಗಳೆಲ್ಲ ಬಾಯಿಪಾಠ. ಸೆನೆಟರ್‌ಗಳು ಎಷ್ಟು ಜನ ಅಂದ್ರೆ ನೂರು ಅಂತ ಥಟ್ ಅಂತ ಹೇಳ್ತಾರೆ. ಆದ್ರೆ ಮಾಕ್ ಇಂಟರ್‌ವ್ಯೂನಲ್ಲಿ ಟ್ಯಾಕ್ಸ್ ಏನಾದ್ರೂ ಓವರ್‌ಡ್ಯೂ ಇದ್ಯಾ ಅಂತ ಇಂಗ್ಲಿಷಲ್ಲಿ ಕೇಳಿದ್ರೆ ತಲೆ ಆಡಿಸ್ಕೊಂಡು ಯೆಸ್ ಯೆಸ್ ಅಂದ್ಬಿಟ್ರು. ಬಾಕಿ ಒಂದು ಪೈಸೆನೂ ಇಲ್ಲ, ಆ ಪದ ಗೊತ್ತಿರ್ಲಿಲ್ಲ ಅಷ್ಟೆ. ಇದನ್ನ ಸರಿ ಮಾಡೋಕೆ ಪುಸ್ತಕ ಸಾಲಲ್ಲ, ಪಕ್ಕದಲ್ಲಿ ಕೂತು ಹೇಳ್ಕೊಡೋರು ಬೇಕು, ಒಂದು ವಾರ ಬಂದು ಇನ್ನೊಂದು ವಾರ ತಪ್ಪಿಸೋರಲ್ಲ. ದುಡ್ಡು ಬೇಕಾಗೋದು ಅಲ್ಲೇ.

ಅಮೆರಿಕದಲ್ಲಿ ಕನ್ನಡ ಕೂಟ, ದೇವಸ್ಥಾನ, ಲೈಬ್ರರಿ ಗೆಳೆಯರ ಬಳಗ ಅಂತ ಏನೋ ಒಂದು ಗುಂಪು ಇಟ್ಕೊಂಡು ಇಂಥ ಕ್ಲಾಸ್ ಶುರು ಮಾಡ್ಬೇಕು ಅನ್ನೋರಿಗೆ ಇದನ್ನ ಬರೀತಿದೀನಿ.

ಮೊದಲು ಯಾತಕ್ಕೆ ದುಡ್ಡು ಬೇಡ ಅಂತ ತಿಳ್ಕೊಳಿ. ಓದೋ ಪುಸ್ತಕ, ಫ್ಲ್ಯಾಶ್ ಕಾರ್ಡ್, ವಿಡಿಯೋ ಎಲ್ಲಾ ಪೌರತ್ವದ ಅರ್ಜಿ ನೋಡೋ ಸರ್ಕಾರಿ ಇಲಾಖೆ ಯುಎಸ್‌ಸಿಐಎಸ್ ವೆಬ್‌ಸೈಟಲ್ಲೇ ಫ್ರೀ. ರೂಮ್ ಲೈಬ್ರರಿಲಿ ಕೇಳಿದ್ರೆ ಸಾಮಾನ್ಯವಾಗಿ ಫ್ರೀ ಸಿಗತ್ತೆ. ಪಾಠ ಹೇಳೋಕೆ ವಾಲಂಟಿಯರ್ಸ್ ಇದ್ದೇ ಇರ್ತಾರೆ. ಇದಕ್ಕೆಲ್ಲ ದುಡ್ಡು ಕೇಳಿ ಅರ್ಜಿ ಹಾಕಿದ್ರೆ ಅದನ್ನ ಓದೋ ದಾನಿಗಳಿಗೆ ನಿಮಗೆ ಕೆಲಸದ ಅಂದಾಜೇ ಇಲ್ಲ ಅನ್ಸತ್ತೆ. ನಿಜವಾಗಿ ದುಡ್ಡು ಬೇಕಾಗೋದು ಮೂರಕ್ಕೆ: ಫೋನ್ ಮಾಡಿ ಜನರನ್ನ ಸೇರಿಸಿ ಹಾಜರಿ ಇಟ್ಟು ಫಾಲೋ ಅಪ್ ಮಾಡೋ ಒಬ್ಬ ಸಂಬಳದ ಕೋಆರ್ಡಿನೇಟರ್, ಪೌರತ್ವಕ್ಕೆ ಅರ್ಜಿ ಹಾಕೋ ಎನ್-400 ಫಾರ್ಮ್ ತಪ್ಪಿಲ್ಲದೆ ಇದ್ಯಾ ಅಂತ ನೋಡೋ ವಕೀಲರು, ಮತ್ತೆ ಅರ್ಜಿ ಫೀ ಕಟ್ಟೋಕಾಗದೋರಿಗೆ ಸಹಾಯ.

ಈ ಎರಡನೇದನ್ನ ದಯವಿಟ್ಟು ಹಗುರ ಮಾಡ್ಬೇಡಿ. ಫಾರ್ಮಲ್ಲಿ ಯಾವ ಉತ್ತರ ಬರೀಬೇಕು ಅಂತ ವಕೀಲರಲ್ಲದೋರು ಸಲಹೆ ಕೊಡೋದು ಕಾನೂನು ಪ್ರಕಾರ ತಪ್ಪು, ಎಷ್ಟೇ ಒಳ್ಳೆ ಮನಸ್ಸಿಂದ ಕೊಟ್ರೂನು. ಹಳೇ ಅರೆಸ್ಟ್ ಇದ್ದು ಅಥವಾ ತಿಂಗಳುಗಟ್ಟಲೆ ಅಮೆರಿಕ ಬಿಟ್ಟು ಊರಲ್ಲೇ ಉಳ್ಕೊಂಡಿದ್ದು ಅದನ್ನ ನೋಡದೆ ಅರ್ಜಿ ಹಾಕಿದ್ರೆ ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು. ವಕೀಲರು ಸಿಗ್ಲಿಲ್ಲ ಅಂದ್ರೆ ಜಸ್ಟೀಸ್ ಡಿಪಾರ್ಟ್‌ಮೆಂಟ್ ಮಾನ್ಯತೆ ಕೊಟ್ಟಿರೋ ಪ್ರತಿನಿಧಿಗಳಿರೋ ಸಂಸ್ಥೆ ಜೊತೆ ಸೇರ್ಕೊಳಿ.

ಈಗ ದುಡ್ಡಿನ ಮೂಲ. 2009ರಿಂದ ಯುಎಸ್‌ಸಿಐಎಸ್ಸೇ ಸಿಟಿಜನ್‌ಶಿಪ್ ಕ್ಲಾಸ್‌ಗಳಿಗೆ ಗ್ರ್ಯಾಂಟ್ ಕೊಡ್ತಿತ್ತು, 2025ರಲ್ಲಿ ಅದು ನಿಂತೋಯ್ತು, ಹಾಗಾಗಿ ಹಳೇ ಗೈಡ್ ನೋಡ್ಕೊಂಡು ಅದಕ್ಕೆ ಕಾಯ್ತಾ ಕೂರ್ಬೇಡಿ. ನಿಮ್ಮ ರಾಜ್ಯ ನೋಡಿ. ನ್ಯೂಯಾರ್ಕಲ್ಲಿ ಆಫೀಸ್ ಫಾರ್ ನ್ಯೂ ಅಮೆರಿಕನ್ಸ್ ಇದೆ, ಕ್ಯಾಲಿಫೋರ್ನಿಯಾ, ಇಲಿನಾಯ್, ಮ್ಯಾಸಚೂಸೆಟ್ಸ್, ವಾಷಿಂಗ್ಟನ್ ರಾಜ್ಯಗಳೂ ಈ ಕೆಲಸಕ್ಕೆ ದುಡ್ಡು ಕೊಟ್ಟಿವೆ. ಆದ್ರೆ ಹೊಸ ಸಣ್ಣ ಗುಂಪಿಗೆ ನೇರವಾಗಿ ಸಿಗೋದು ಕಷ್ಟ, ಅದು ಹೋಗೋದು ದೊಡ್ಡ ಸಂಸ್ಥೆಗಳಿಗೆ, ನೀವು ಅವರ ಕೆಳಗೆ ಸಬ್‌ಗ್ರ್ಯಾಂಟ್, ಅಂದ್ರೆ ಅವರಿಗೆ ಬಂದ ದುಡ್ಡಲ್ಲಿ ಒಂದು ಪಾಲು ಕೇಳ್ಬೇಕು. ಮೊದಲ ವರ್ಷಕ್ಕೆ ನನ್ನ ಪ್ರಕಾರ ಒಳ್ಳೇ ದಾರಿ ಅಂದ್ರೆ ನಿಮ್ಮ ಕೌಂಟಿಯ ಕಮ್ಯುನಿಟಿ ಫೌಂಡೇಶನ್, ಅಂದ್ರೆ ಊರಿನೋರ ದಾನ ಸೇರಿಸಿ ಸ್ಥಳೀಯ ಕೆಲಸಗಳಿಗೆ ಹಂಚೋ ಸಂಸ್ಥೆ. ಅರ್ಜಿ ಸಾಮಾನ್ಯವಾಗಿ ಚಿಕ್ಕದು, ಫೋನ್ ಮಾಡಿದ್ರೆ ಮನುಷ್ಯರು ಮಾತಾಡ್ತಾರೆ.

ಇನ್ನೊಂದು ನಮ್ಮೋರು ಕೈಬಿಡೋ ಮೂಲ, ಕಂಪನಿ ಮ್ಯಾಚಿಂಗ್. ಕೂಟದಲ್ಲಿ ಐಟಿಯೋರೇ ಜಾಸ್ತಿ ಇರ್ತಾರಲ್ಲ, ಅವರು 100 ಡಾಲರ್ ಕೊಟ್ರೆ ಎಷ್ಟೋ ಕಂಪನಿಗಳು ಇನ್ನೊಂದು 100 ಹಾಕ್ತವೆ, ಕೆಲವು ಕಂಪನಿಗಳು ವಾಲಂಟಿಯರ್ ಮಾಡಿದ ಗಂಟೆಗೂ ದುಡ್ಡು ಕೊಡ್ತವೆ. ಅದಕ್ಕೆ ಪ್ರತಿ ಶನಿವಾರ ಪಾಠ ಹೇಳೋರ ಗಂಟೆಗಳನ್ನ ಅವತ್ತೇ ಬರೆದಿಡಿ, ಡಿಸೆಂಬರಲ್ಲಿ ನೆನಪಿಸ್ಕೊಂಡು ಬರೆಯೋಕಾಗಲ್ಲ.

ಇದಕ್ಕೆಲ್ಲ 501ಸಿ3, ಅಂದ್ರೆ ತೆರಿಗೆ ವಿನಾಯಿತಿ ಇರೋ ದಾನ ಸಂಸ್ಥೆ ಅನ್ನೋ ಮಾನ್ಯತೆ, ಸಾಮಾನ್ಯವಾಗಿ ಇರ್ಬೇಕು. ಎಷ್ಟೋ ಕೂಟಗಳಿಗೆ ಈಗಾಗ್ಲೇ ಇದೆ, ಕಮಿಟಿಯೋರನ್ನ ಕೇಳಿ. ಇಲ್ಲ ಅಂದ್ರೆ, ವರ್ಷಕ್ಕೆ 50,000 ಡಾಲರ್ ಒಳಗೆ ಆದಾಯ ಇರೋ ಸಣ್ಣ ಸಂಸ್ಥೆಗೆ 1023-ಇಝಡ್ ಅನ್ನೋ ಚಿಕ್ಕ ಫಾರ್ಮ್ ಇದೆ, ಫೀ 275 ಡಾಲರ್. ಅಷ್ಟು ಕಾಯೋಕಾಗಲ್ಲ ಅನ್ನೋರು ಇನ್ನೊಂದು ಸಂಸ್ಥೆನ ಫಿಸ್ಕಲ್ ಸ್ಪಾನ್ಸರ್ ಮಾಡ್ಕೋಬಹುದು, ದುಡ್ಡು ಅವರ ಹೆಸರಿಗೆ ಬರತ್ತೆ, ಸಾಮಾನ್ಯವಾಗಿ ನೂರಕ್ಕೆ 5ರಿಂದ 10 ಹಿಡ್ಕೊಂಡು ನಿಮಗೆ ಕೊಡ್ತಾರೆ.

ಬಜೆಟ್ ಹೀಗೆ ಹಾಕ್ಬಹುದು, ಇಪ್ಪತ್ತು ಜನಕ್ಕೆ ಅಂದ್ಕೊಳಿ. ಕೋಆರ್ಡಿನೇಟರ್ ವಾರಕ್ಕೆ 8 ಗಂಟೆ, ಗಂಟೆಗೆ 25 ಡಾಲರ್, 30 ವಾರ, ಅಲ್ಲಿಗೆ 6,000. ವಕೀಲರು ಬಂದು ಫಾರ್ಮ್ ನೋಡೋ ಎರಡು ಶನಿವಾರಕ್ಕೆ 1,500. ಹತ್ತು ಜನಕ್ಕೆ ರಿಯಾಯಿತಿ ಫೀ 380ರಂತೆ 3,800. ಪ್ರಿಂಟು, ಕಾಫಿ, ಮಕ್ಕಳನ್ನ ನೋಡ್ಕೊಳ್ಳೋಕೆ 700. ಒಟ್ಟು 12,000. ಎನ್-400ರ ಪೂರ್ತಿ ಫೀ 2024ರ ಏಪ್ರಿಲಿಂದ ಪೇಪರಲ್ಲಿ 760, ಆನ್‌ಲೈನಲ್ಲಿ 710. ಮನೆ ಆದಾಯ ಫೆಡರಲ್ ಬಡತನ ರೇಖೆಯ 400 ಪರ್ಸೆಂಟ್ ಒಳಗಿದ್ರೆ 380, 150 ಪರ್ಸೆಂಟ್ ಒಳಗಿದ್ರೆ ಪೂರ್ತಿ ಮಾಫಿಗೆ ಕೇಳ್ಬಹುದು. ಮಾಫಿ ಸಿಗೋರಿಗೆ ನಿಮ್ಮ ಫಂಡಿಂದ ಕಟ್ಟಬೇಡಿ. ದಾನ ಕೊಟ್ಟೋರ ಅಪ್ಪ ಅಮ್ಮನ ಫೀನೇ ಅದ್ರಲ್ಲಿ ಕಟ್ಟೋದಂತೂ ಬೇಡವೇ ಬೇಡ, ಅದು ದಾನ ಅನ್ನಿಸ್ಕೊಳಲ್ಲ.

ಇಲ್ಲೇ ಒಂದು ಮಾತು ನೇರವಾಗಿ ಹೇಳ್ಬೇಕು. ಕ್ಲಾಸ್ ಕನ್ನಡಿಗರಿಗೆ ಮಾತ್ರ ಅಂತ ಇಟ್ರೆ ಫೌಂಡೇಶನ್‌ಗಳು ಕೊಡೋದು ಕಷ್ಟ, ಮತ್ತೆ ಕೊಡಬಾರದು ಕೂಡ ಅಂತ ನನಗನ್ಸತ್ತೆ. ಪಕ್ಕದ ಬೀದಿಯ ನೇಪಾಳಿ, ವಿಯೆಟ್ನಾಮಿ, ಮೆಕ್ಸಿಕನ್ ಕುಟುಂಬಗಳಿಗೂ ಬಾಗಿಲು ತೆಗೀರಿ, ರಿಯಾಯಿತಿ ಫೀ ನಿಜವಾಗಿ ಬೇಕಾಗಿರೋದು ಹೋಟೆಲಲ್ಲಿ, ಗ್ಯಾಸ್ ಸ್ಟೇಷನಲ್ಲಿ ದುಡಿಯೋರಿಗೆ, ಅವರಲ್ಲಿ ನಮ್ಮೋರೂ ಇದಾರೆ.

ದುಡ್ಡು ಕೇಳೋ ಅರ್ಜಿಲಿ ಯಾಕೆ ಈ ಕ್ಲಾಸ್ ಅನ್ನೋದನ್ನ ಗಟ್ಟಿಯಾಗಿ ಬರೀರಿ. 2025ರ ಅಕ್ಟೋಬರ್ 20ರಿಂದ ಪೌರತ್ವಕ್ಕೆ ಅರ್ಜಿ ಹಾಕಿದೋರಿಗೆ ಸಿವಿಕ್ಸ್ ಪರೀಕ್ಷೆನೇ ಬದಲಾಗಿದೆ, ಮುಂಚೆ 100 ಪ್ರಶ್ನೆ ಓದ್ಕೊಂಡು 10ರಲ್ಲಿ 6 ಹೇಳಿದ್ರೆ ಸಾಕಿತ್ತು, ಈಗ 128 ಓದ್ಕೊಂಡು 20ರಲ್ಲಿ 12 ಹೇಳ್ಬೇಕು. ವಯಸ್ಸಾದೋರಿಗೆ ವಿನಾಯಿತಿ ಇದೆಯಲ್ಲ ಅಂತ ಕೇಳ್ತಾರೆ. 55 ದಾಟಿ 15 ವರ್ಷ ಅಥವಾ 50 ದಾಟಿ 20 ವರ್ಷ ಗ್ರೀನ್ ಕಾರ್ಡಲ್ಲಿ ಇದ್ದೋರು ಇಂಗ್ಲಿಷ್ ಪರೀಕ್ಷೆ ಇಲ್ದೆ ಇಂಟರ್‌ಪ್ರೆಟರ್ ಕರ್ಕೊಂಡು ಹೋಗಿ ಕನ್ನಡದಲ್ಲೇ ಉತ್ತರ ಹೇಳ್ಬಹುದು, ನಿಜ. ಆದ್ರೆ ಆರು ವರ್ಷದ ಹಿಂದೆ ಮಗಳ ಮನೆಗೆ ಬಂದ 68 ವರ್ಷದ ತಾಯಿಗೆ ಅದು ಸಿಗಲ್ಲ, ಅವರು ಫೆಬ್ರವರಿ ಸ್ಪೆಲಿಂಗಿಂದ ಶುರು ಮಾಡ್ಬೇಕು. ಹೆಸರಿಲ್ದೆ ಇಂಥ ಒಬ್ಬರ ಕಥೆ ಅರ್ಧ ಪುಟ ಬರೀರಿ.

ಗುರಿ ಬರೆಯೋವಾಗ ವರ್ಷದಲ್ಲಿ ಇಪ್ಪತ್ತು ಜನ ಸಿಟಿಜನ್ ಆಗ್ತಾರೆ ಅಂತ ಮಾತು ಕೊಡ್ಬೇಡಿ. ಇಂಟರ್‌ವ್ಯೂ ಯಾವಾಗ ಬರತ್ತೆ ಅನ್ನೋದು ನಿಮ್ಮ ಕೈಲಿಲ್ಲ, ಒಮ್ಮೆ ಫೇಲ್ ಆದ್ರೆ ಆ ಭಾಗಕ್ಕೆ ಮತ್ತೆ ಕರೆಯೋದು 60ರಿಂದ 90 ದಿನದ ಒಳಗೆ. ಎಷ್ಟು ಜನ ಸೇರ್ತಾರೆ, ಎಷ್ಟು ಜನ ಮುಗಿಸ್ತಾರೆ, ಎಷ್ಟು ಎನ್-400 ಅರ್ಜಿ ಹೋಗತ್ತೆ, ಇಷ್ಟು ಹೇಳಿ. ಲೆಕ್ಕಕ್ಕೆ ಸಂಖ್ಯೆ ಸಾಕು, ಜನರ ಏಲಿಯನ್ ನಂಬರ್ (ವಲಸೆ ಬಂದೋರಿಗೆ ಸರ್ಕಾರ ಕೊಡೋ ಗುರುತಿನ ಸಂಖ್ಯೆ), ವಿಳಾಸ ಇದನ್ನೆಲ್ಲ ಎಲ್ರೂ ನೋಡೋ ಶೀಟಲ್ಲಿ ಇಡ್ಬೇಡಿ, ಕೊಡೋರು ಕೇಳಿದ್ರೂ ಹೆಸರು ಕೊಡಲ್ಲ ಅಂತ ಅರ್ಜಿಲೇ ಬರೆದುಬಿಡಿ. ದುಡ್ಡು ಬಂದ ಮೇಲೆ ಆರು ತಿಂಗಳಿಗೆ ಅವರು ಕೇಳೋ ಮುಂಚೆನೇ ಒಂದು ಪುಟದ ರಿಪೋರ್ಟ್ ಕಳಿಸಿ, ಎಷ್ಟು ಖರ್ಚಾಯ್ತು, ಎಷ್ಟು ಜನ ಮಧ್ಯದಲ್ಲಿ ಬಿಟ್ರು, ಯಾಕೆ ಬಿಟ್ರು ಅಂತ, ಮತ್ತೆ ಅದೇ ಮೇಲ್‌ನಲ್ಲೇ ಮುಂದಿನ ವರ್ಷದ ಡೆಡ್‌ಲೈನ್ ಯಾವಾಗ ಅಂತ ಕೇಳ್ಬಿಡಿ.